ಟಾರ್ಚ್ ಪಾಸಿಟಿವ್ ಬಂದರೆ ಮಗು ನಿಲ್ಲಲ್ವಾ?

ಈ ಸಲ ಬಂದ ಪತ್ರಗಳಲ್ಲಿ ಸೋಂಕು ಮತ್ತು ಬಸಿರಿನ ಬಗ್ಗೆಯೇ ಜಾಸ್ತಿ. ನಾಲ್ಕನ್ನು ಆರಿಸಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಮ್ಮದು ಸೇಡಂ ಹತ್ತಿರ ಹಳ್ಳಿ, ನನಗೆ 24 ವರ್ಷ. ಎರಡು ಸಲ ಎರಡನೇ ತಿಂಗಳಲ್ಲೇ ಗರ್ಭ ಹೋಯಿತು. ಟಾರ್ಚ್ ಟೆಸ್ಟ್ (ಬಸಿರಿಗೆ ತೊಂದರೆ ಕೊಡುವ ಕೆಲವು ಸೋಂಕುಗಳ ರಕ್ತ ಪರೀಕ್ಷೆ) ಮಾಡಿಸಿದರು. ರುಬೆಲ್ಲಾ, ಸಿಎಂವಿ ಅನ್ನುವ ಎರಡು ವೈರಸ್‌ಗಳಿಗೂ ಐಜಿಜಿ ಪಾಸಿಟಿವ್. ಮೂರು ತಿಂಗಳು ಮಾತ್ರೆ ನುಂಗಿ ಮತ್ತೆ ಟೆಸ್ಟ್ ಮಾಡಿಸಿದರೆ ಮತ್ತೆ ಪಾಸಿಟಿವ್! ಹೊಟ್ಟೆಯಲ್ಲೇ ರೋಗ ಇದೆ ಅಂತಾರೆ ನಮ್ಮತ್ತೆ. ಇದು ನೆಗೆಟಿವ್ ಆಗುವುದು ಯಾವಾಗ?

ಉತ್ತರ: ಆಗುವುದೇ ಇಲ್ಲ ತಂಗಿ. ಆಗಬೇಕಾಗಿಯೂ ಇಲ್ಲ.

ನಿಮ್ಮಂಥ ರಿಪೋರ್ಟ್ ಹಿಡಿದುಕೊಂಡು ಬರುವವರು ವಾರಕ್ಕೆ ಒಬ್ಬರಾದರೂ ಇರುತ್ತಾರೆ. ಸೊಲ್ಲಾಪುರ, ಹೈದರಾಬಾದ್ ಎಲ್ಲ ಸುತ್ತಿ, ಪ್ಲಾಸ್ಟಿಕ್ ಕವರ್ ತುಂಬ ಕಾಗದ ಇಟ್ಟುಕೊಂಡು ಬರುತ್ತಾರೆ, ಅದರಲ್ಲಿ ಪಾಸಿಟಿವ್ ಅನ್ನುವ ದಪ್ಪ ಅಕ್ಷರದ ಕೆಳಗೆ ಯಾರೋ ಪೆನ್ನಲ್ಲಿ ಗೆರೆ ಎಳೆದಿರುತ್ತಾರೆ. ಐಜಿಜಿ ಅಂದರೆ ರೋಗಾಣು ಅಲ್ಲ. ಯಾವತ್ತೋ ಬಂದ ಸೋಂಕಿನ ಜೊತೆ ಹೋರಾಡಿ ನಿಮ್ಮ ದೇಹ ಮಾಡಿಟ್ಟುಕೊಂಡ ಪ್ರತಿಕಾಯ ಅದು. ಸಿಎಂವಿ ಐಜಿಜಿ ನಮ್ಮ ದೇಶದ ಬಹುಪಾಲು ಹೆಂಗಸರಲ್ಲಿ ಇರುತ್ತದೆ, ನಾಲ್ಕು ಮಕ್ಕಳು ಹೆತ್ತವರಲ್ಲೂ ಇರುತ್ತದೆ. ರುಬೆಲ್ಲಾ ಐಜಿಜಿ ಇದ್ದರಂತೂ ಖುಷಿ ಪಡಬೇಕು. ಬಸುರಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದರೆ ಮಗುವಿನ ಕಣ್ಣಲ್ಲಿ ಪೊರೆ ಬರುತ್ತದೆ ಅಂತ 1941ರಲ್ಲೇ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ ತೋರಿಸಿಕೊಟ್ಟಿದ್ದರು. ಕಿವಿ, ಹೃದಯಕ್ಕೂ ಏಟು ಬೀಳುತ್ತದೆ. ಆ ಭಯ ನಿಮಗೆ ಹೆಚ್ಚುಕಡಿಮೆ ಇಲ್ಲ ಅಂತ ಅರ್ಥ. 2017ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಹಾಕಿದರಲ್ಲ, ಅದನ್ನು ಹಾಕಿಸಿಕೊಂಡವರಿಗೂ ಇದೇ ಪಾಸಿಟಿವ್ ಬರುತ್ತದೆ. ನಿಜ ಹೇಳಬೇಕೆಂದರೆ ನೆಗೆಟಿವ್ ಬಂದವರೇ ಯೋಚಿಸಬೇಕು. ಅವರು ಬಸಿರಾಗುವ ಮೊದಲೇ ಲಸಿಕೆ ಹಾಕಿಸಿಕೊಂಡು ಒಂದು ತಿಂಗಳು ಕಾಯಬೇಕು.

ಐಜಿಎಂ ಅನ್ನುವ ಇನ್ನೊಂದು ಪ್ರತಿಕಾಯ ಪಾಸಿಟಿವ್ ಬಂದರೆ ಮಾತು ಬೇರೆ, ಅದು ಹೊಸ ಸೋಂಕಿನ ಸುಳಿವು. ಅದೂ ಕೆಲವೊಮ್ಮೆ ಸುಳ್ಳು ಪಾಸಿಟಿವ್ ಆಗಿರುತ್ತದೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಒಂದೇ ರಿಪೋರ್ಟ್ ನೋಡಿ ಗರ್ಭ ತೆಗೆಸುವ ಮಾತು ಯಾರೂ ಆಡಬಾರದು.

ಹಾಗಾದರೆ ಗರ್ಭ ಹೋಗಿದ್ದು ಯಾಕೆ? ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟು ಭ್ರೂಣದ ಕ್ರೋಮೋಸೋಮ್ ಎಡವಟ್ಟಿನಿಂದ ಹೋಗುತ್ತವೆ. ಅದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ, ಅತ್ತೆಗೂ ಇದನ್ನು ಓದಿ ಹೇಳಿ. ಎರಡು ಸಲ ಆಗಿದ್ದರಿಂದ ಥೈರಾಯ್ಡ್, ಶುಗರ್, ಗರ್ಭಕೋಶದ ಆಕಾರ ನೋಡಿಸಿ. ಜೊತೆಗೆ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯದ ಪರೀಕ್ಷೆಯೂ ಆಗಬೇಕು. ದೇಹ ತನ್ನ ಮೇಲೆ ತಾನೇ ತಿರುಗಿಬಿದ್ದು ಮಾಡುವ ಪ್ರತಿಕಾಯ ಇದು, ಮಾಸು ಕೂರುವ ಜಾಗದಲ್ಲಿ ತೊಂದರೆ ಕೊಡುತ್ತದೆ, ರಕ್ತ ಹೆಪ್ಪುಗಟ್ಟಿಸುತ್ತದೆ. ಒಂದು ವೈರಲ್ ಜ್ವರ ಬಂದು ಹೋದರೂ ಇದು ಸ್ವಲ್ಪ ದಿನ ಏರಿ ಇಳಿಯುತ್ತದೆ, ಅದಕ್ಕೇ 12 ವಾರ ಬಿಟ್ಟು ಎರಡನೇ ಸಲ ಟೆಸ್ಟ್ ಮಾಡಿಯೇ ತೀರ್ಮಾನಿಸಬೇಕು. ಎರಡೂ ಸಲ ಬಂದರೆ ಕಡಿಮೆ ಡೋಸಿನ ಆಸ್ಪಿರಿನ್, ಹೆಪಾರಿನ್ ಇಂಜೆಕ್ಷನ್ ಇದೆ. ಗುಣ ಚೆನ್ನಾಗಿದೆ.

ಮನೆಯಲ್ಲಿ ಆಡು, ಕುರಿ ಇದ್ದರೆ ಇನ್ನೊಂದು ಮಾತು. ಅವು ಮರಿ ಹಾಕುವಾಗ ಬರಿಗೈಯಲ್ಲಿ ಹಿಡಿಯಬೇಡಿ, ಹಸಿ ಹಾಲು ಕುಡಿಯಬೇಡಿ. ಬ್ರುಸೆಲ್ಲಾ ಅನ್ನುವ ರೋಗಾಣು ಹಾಗೆಯೇ ಬರುತ್ತದೆ, ಬಿಟ್ಟು ಬಿಟ್ಟು ಜ್ವರ, ಕೀಲು ನೋವು, ಕೆಲವರಿಗೆ ಗರ್ಭಪಾತ.

ಪ್ರಶ್ನೆ: ಔರಾದ್ ಕಡೆಯವನು, 31 ವರ್ಷ. ಮಳೆಗಾಲದಲ್ಲಿ ಡೆಂಗಿ ಆಗಿ ಐದು ದಿನ ವಿಪರೀತ ಜ್ವರ. ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿದರೆ ಕೌಂಟ್ ತುಂಬಾ ಕಡಿಮೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಉತ್ತರ: ಹೇಳುವ ಅವಸರವೂ ಇಲ್ಲ, ನೀವು ಟೆಸ್ಟ್ ಮಾಡಿಸಿದ ಹೊತ್ತೇ ಸರಿಯಿಲ್ಲ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಅದು ಬೆಳೆಯಬೇಕಾದರೆ ವೃಷಣ ಮೈಗಿಂತ ಒಂದೆರಡು ಡಿಗ್ರಿ ತಂಪಾಗಿರಬೇಕು. ಸೋಂಕಿನ ಜೊತೆ ಹೋರಾಡಲು ದೇಹ ತಾನೇ ಏರಿಸಿಕೊಂಡ ಕಾವು ಆ ದಿನಗಳ ಬೆಳೆಯನ್ನು ಕೆಡಿಸಿರುತ್ತದೆ. ಜ್ವರ ಬಿಟ್ಟು ಮೂರು ತಿಂಗಳು ಆದ ಮೇಲೆ ಮತ್ತೆ ಮಾಡಿಸಿ, ಸಾಮಾನ್ಯವಾಗಿ ಸರಿಹೋಗಿರುತ್ತದೆ. ಅಲ್ಲಿಯವರೆಗೆ ಶಕ್ತಿವರ್ಧಕ ಅಂತ ಮಾರುವ ಕ್ಯಾಪ್ಸೂಲ್‌ಗೆ ದುಡ್ಡು ಸುರಿಯಬೇಡಿ. ದೊಡ್ಡವರಾದ ಮೇಲೆ ಮಂಗನಬಾವು ಬಂದು ವೃಷಣ ಊದಿಕೊಂಡಿತ್ತಾ? ಹಾಗಿದ್ದರೆ ಡಾಕ್ಟರಿಗೆ ಹೇಳಿ, ಆ ಉರಿಯೂತ ಕೆಲವರಲ್ಲಿ ವೀರ್ಯಾಣು ತಯಾರಿಯನ್ನೇ ಕುಗ್ಗಿಸುತ್ತದೆ.

ಪ್ರಶ್ನೆ: ಶಹಾಪುರದಿಂದ ಬರೆಯುತ್ತಿದ್ದೇನೆ. ಮದುವೆಯಾಗಿ ಆರು ವರ್ಷ. ಟ್ಯೂಬ್ ಎರಡೂ ಬ್ಲಾಕ್, ಹಳೆಯ ಟಿ.ಬಿ. ಇರಬಹುದು ಅಂತಾರೆ. ನನಗೆ ಒಂದು ದಿನವೂ ಕೆಮ್ಮು ಬಂದಿಲ್ಲ!

ಉತ್ತರ: ಕೆಮ್ಮು ಬರಲೇಬೇಕು ಅಂತಿಲ್ಲ ಅಕ್ಕಾ. ಟಿ.ಬಿ. ರೋಗಾಣು ಶ್ವಾಸಕೋಶದಿಂದ ರಕ್ತದಲ್ಲಿ ಹರಿದು ಗರ್ಭನಾಳ ಸೇರುತ್ತದೆ. ಅಲ್ಲಿ ನಮ್ಮ ರಕ್ಷಣಾ ಕಣಗಳು ಅದನ್ನು ಸುತ್ತುಗಟ್ಟಿ ಕೂಡಿಹಾಕುತ್ತವೆ, ಆ ಜಗಳದಲ್ಲಿ ಕೂದಲೆಳೆಯಷ್ಟು ಸಣ್ಣ ದಾರಿ ಮುಚ್ಚಿಹೋಗುತ್ತದೆ. ಕ್ಲಮೈಡಿಯಾ ಅನ್ನುವ ಇನ್ನೊಂದು ಸೋಂಕೂ ಹೀಗೇ, ಎಷ್ಟೋ ಸಲ ನೋವೂ ಇಲ್ಲ, ಗುರುತೂ ಇಲ್ಲ. ಮತ್ತೆ ಮತ್ತೆ ಬಂದಷ್ಟೂ ದೇಹದ ಸಿಟ್ಟೂ ಗಾಯವೂ ಜಾಸ್ತಿ. ಅದು ಪತ್ತೆಯಾದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಮಾತ್ರೆ ತೆಗೆದುಕೊಳ್ಳಬೇಕು.

ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷಿಸಲಿ. ಟಿ.ಬಿ. ಇದ್ದರೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಔಷಧಿಯಿಂದ ರೋಗಾಣು ಸಾಯುತ್ತದೆ, ಆದರೆ ಕಟ್ಟಿಕೊಂಡ ಟ್ಯೂಬ್ ತೆರೆಯುತ್ತದೆ ಅಂತ ಮಾತು ಕೊಡಲಾರೆ. ಒಳಪದರ ಚೆನ್ನಾಗಿದ್ದರೆ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶದಲ್ಲಿ ಇಡುವುದು) ದಾರಿ ಇದೆ. ಇನ್ನೊಂದು ಎಚ್ಚರ, ಟ್ಯೂಬ್ ಕೆಟ್ಟವರಲ್ಲಿ ಗರ್ಭ ಟ್ಯೂಬಿನಲ್ಲೇ ನಿಲ್ಲುವ ಅಪಾಯ ಇರುತ್ತದೆ. ದಿನ ತಪ್ಪಿ ಕಿಬ್ಬೊಟ್ಟೆ ನೋವು, ತಲೆಸುತ್ತು ಬಂದರೆ ಅವತ್ತೇ ಸ್ಕ್ಯಾನಿಂಗ್ ಆಗಬೇಕು.

ಪ್ರಶ್ನೆ: ನಾದಿನಿಗೆ ಏಳು ತಿಂಗಳು, ಬೀದರ್‌ನಲ್ಲಿ ಇದ್ದಾಳೆ. ಬಸುರಿಯರಿಗೆ ಇಮ್ಯೂನಿಟಿ ಕಡಿಮೆ ಅಂತಾರಲ್ಲ, ಪೌಡರ್ ಕೊಡಬಹುದಾ?

ಉತ್ತರ: ಬೇಡ. ಕಡಿಮೆ ಅನ್ನುವುದಕ್ಕಿಂತ ಅದರ ಕೆಲಸದ ರೀತಿ ಬದಲಾಗಿರುತ್ತದೆ. ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಒಳಪದರದಲ್ಲಿರುವ ಬಿಳಿ ರಕ್ತಕಣಗಳಲ್ಲಿ ಸುಮಾರು ಶೇ. 70ರಷ್ಟು ಎನ್‌ಕೆ ಅನ್ನುವ ರಕ್ಷಣಾ ಕಣಗಳೇ, ಮಾಸಿಗೆ ರಕ್ತ ಹರಿಯುವ ನಾಳಗಳನ್ನು ಅಗಲ ಮಾಡಲು ಅವೇ ನೆರವಾಗುತ್ತವೆ. ಪೌಡರಿಗೆ ಅಲ್ಲಿ ಏನೂ ಕೆಲಸವಿಲ್ಲ. ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಇಂಜೆಕ್ಷನ್ ಆಗಿದೆಯಾ ನೋಡಿ, ಅದರಿಂದ ಹುಟ್ಟುವ ಪ್ರತಿಕಾಯ ಮಾಸಿನ ಮೂಲಕ ಮಗುವಿಗೂ ಹೋಗುತ್ತದೆ. ಜ್ವರ ಬಂದರೆ ತಡಮಾಡದೆ ಪ್ಯಾರಾಸಿಟಮಾಲ್ ಕೊಟ್ಟು ಡಾಕ್ಟರಿಗೆ ತೋರಿಸಿ.

ನೀರು ಮಾತ್ರ ಕುದಿಸಿ ಆರಿಸಿಯೇ ಕೊಡಿ. ಹೆಪಟೈಟಿಸ್ ಇ ಅನ್ನುವ ಕಾಮಾಲೆ ಕೊಳಕು ನೀರಿನಿಂದ ಬರುತ್ತದೆ. ಉಳಿದವರಿಗೆ ಬಂದರೆ ಬಹಳ ಸಲ ತಾನಾಗಿಯೇ ಇಳಿಯುತ್ತದೆ. ಕೊನೆಯ ಮೂರು ತಿಂಗಳ ಬಸುರಿಗೆ ಬಂದರೆ 100ಕ್ಕೆ 20ರಿಂದ 25 ಮಂದಿಯವರೆಗೆ ಸಾಯಬಹುದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಣ್ಣು ಹಳದಿ ಆದರೆ ನಾಟಿ ಔಷಧಿ ಹಾಕಿಸೋಣ ಅಂತ ಕೂರಬೇಡಿ, ಐಸಿಯು ಇರುವ ಆಸ್ಪತ್ರೆಗೆ ಅದೇ ದಿನ ಕರೆದುಕೊಂಡು ಹೋಗಿ.