ತರಕಾರಿ ಫೋಟೊಗೆ ಹೊಸ ಕ್ಯಾಮೆರಾ ಬೇಕಾ?

ತೋಟದ ಹಣ್ಣು, ತರಕಾರಿಯ ಫೋಟೊ ವಾಟ್ಸಾಪ್ ಗುಂಪಿಗೆ ಹಾಕಿ ಮಾರುತ್ತೀರಿ. ಕೈಯಲ್ಲಿ ಹಿಡಿದಾಗ ತಾಜಾ ಇರುವುದು ಫೋಟೊದಲ್ಲಿ ಬಾಡಿದ ಹಾಗೆ ಕಾಣುತ್ತದೆ, 25 ಸಾವಿರದೊಳಗೆ ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳಿದ್ದೀರಿ.

ಸದ್ಯಕ್ಕೆ ಯಾವುದನ್ನೂ ತಗೊಳ್ಳಬೇಡಿ. ನಾನು ಆರು ವರ್ಷದಿಂದ ನಮ್ಮ ಕಡೆಯ ಕೆಲವು ರೈತರ ಬೆಳೆಯ ಫೋಟೊ ತೆಗೆದುಕೊಡುತ್ತಿದ್ದೇನೆ. ಜಾಸ್ತಿ ಫೋಟೊ ಮೊಬೈಲಿನವೇ. ನಿಮ್ಮ ಮೊಬೈಲ್ ಸಾಕು. ಬೆಳಕು ಸರಿ ಇಲ್ಲ, ಅಷ್ಟೇ.

ಮೊದಲು ಲೆನ್ಸ್ ಒರೆಸಿ. ಕೆಲಸ ಮಾಡಿದ ಕೈಯಲ್ಲೇ ಮೊಬೈಲ್ ಹಿಡಿದಿರುತ್ತೇವೆ. ಬೆರಳಿನ ಜಿಡ್ಡು ಲೆನ್ಸಿಗೆ ಅಂಟಿದರೆ ಇಡೀ ಫೋಟೊ ಮೇಲೆ ತೆಳುವಾಗಿ ಹಾಲು ಸವರಿದ ಹಾಗಾಗುತ್ತದೆ. ಹಲಸು ಬಿಡಿಸುವ ದಿನ ಕೈಗೆ ಎಣ್ಣೆ ಹಚ್ಚಿಕೊಂಡಿರುತ್ತೀರಲ್ಲ, ಆವತ್ತು ಎರಡೆರಡು ಸಲ ಒರೆಸಿ. ಹಳೆಯ ಮೆತ್ತನೆಯ ಹತ್ತಿ ಬಟ್ಟೆ ಸಾಕು.

ನೀವು ಹಾಕಿದ ಮೂರು ಫೋಟೊ ನೋಡಿದೆ. ಎರಡು ಅಡುಗೆಮನೆಯ ಟ್ಯೂಬ್‌ಲೈಟ್ ಕೆಳಗೆ, ಒಂದು ನೀಲಿ ಟಾರ್ಪಾಲ್ ಕೆಳಗೆ ತೆಗೆದದ್ದು, ಅಲ್ವಾ? ನೀಲಿ ಟಾರ್ಪಾಲ್ ದಾಟಿ ಬರುವ ಬೆಳಕಿನಲ್ಲಿ ಕೆಂಪು ಇರುವುದೇ ಕಮ್ಮಿ. ಬೆಳಕಿನಲ್ಲೇ ಇಲ್ಲದ ಕೆಂಪನ್ನು ಟೊಮೆಟೊ ಎಲ್ಲಿಂದ ತೋರಿಸಬೇಕು? ಕಪ್ಪಗೆ, ಕೊಳೆಯೋಕೆ ಬಂದ ಹಾಗೆ ಕಾಣುತ್ತದೆ. ಟ್ಯೂಬ್‌ಲೈಟಿನದು ಬೇರೆ ತೊಂದರೆ. ಕಿಟಕಿಯ ಬೆಳಕೂ ಅದೂ ಸೇರಿದರೆ ತರಕಾರಿಯ ಒಂದು ಮಗ್ಗುಲು ಒಂದು ಬಣ್ಣ, ಇನ್ನೊಂದು ಮಗ್ಗುಲು ಇನ್ನೊಂದು ಬಣ್ಣ. ಯಾವುದನ್ನು ಬಿಳಿ ಅಂದುಕೊಳ್ಳಬೇಕು ಅಂತ ಮೊಬೈಲಿಗೆ ಗೊತ್ತಾಗುವುದಿಲ್ಲ. ಮನೆಯ ಲೈಟೆಲ್ಲ ಆರಿಸಿ. ಒಂದೇ ಬೆಳಕು ಇರಲಿ, ಅದು ಕಿಟಕಿಯದಾಗಿರಲಿ.

ಕಿಟಕಿಯ ಪಕ್ಕ ಒಂದು ಮೇಜು ಹಾಕಿ. ಬೆಳಕು ತರಕಾರಿಯ ಮೇಲೆ ಪಕ್ಕದಿಂದ ಬೀಳಬೇಕು. ಒಂದು ಹಾಗಲಕಾಯಿ ಇಟ್ಟು ನೋಡಿ. ಕಿಟಕಿಗೆ ಬೆನ್ನು ಹಾಕಿ ನಿಂತು ತೆಗೆದರೆ ಅದೊಂದು ಹಸಿರು ಕೋಲು. ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಬರುವ ಹಾಗೆ ತಿರುಗಿ ನಿಂತರೆ ಒಂದೊಂದು ಗುಳ್ಳೆಗೂ ಒಂದು ಬೆಳಕಿನ ಮೈ, ಒಂದು ನೆರಳಿನ ಮೈ ಬರುತ್ತದೆ. ಮುಟ್ಟಿದರೆ ಒರಟು ಅನ್ನಿಸುವುದು ಕಣ್ಣಿಗೂ ಕಾಣುತ್ತದೆ. ನೆರಳಿನ ಕಡೆ ತೀರಾ ಕತ್ತಲೆಯಾದರೆ, ಟಿವಿ ಡಬ್ಬದಲ್ಲಿ ಬಂದ ಥರ್ಮಾಕೋಲ್ ಹಾಳೆಯನ್ನು ಆ ಕಡೆ ನಿಲ್ಲಿಸಿ. ಕೆಳಗೆ ಹಾಸೋಕೆ ಗೋಣಿಚೀಲ, ಮೊರ, ಕಡಪ ಕಲ್ಲು ಯಾವುದಾದರೂ ಸರಿ. ಬಾಳೆ ಎಲೆ ಮಾತ್ರ ಯೋಚನೆ ಮಾಡಿ ಹಾಕಿ. ಅದರ ಹಸಿರು ಮೂಲಂಗಿಯಂಥ ಬಿಳಿ ತರಕಾರಿಯ ಹೊಟ್ಟೆಗೆಲ್ಲ ಹತ್ತುತ್ತದೆ.

ಯಾವ ದಿಕ್ಕಿನ ಕಿಟಕಿ? ಫೋಟೊ ಕಲಿಸುವವರು ಉತ್ತರದ ಕಿಟಕಿ ಒಳ್ಳೆಯದು, ಅಲ್ಲಿ ನೇರ ಬಿಸಿಲು ಬೀಳಲ್ಲ ಅನ್ನುತ್ತಾರೆ. ಅದು ಯುರೋಪು, ಅಮೆರಿಕದವರಿಗೆ ಹೊಂದುವ ಮಾತು. ನಮ್ಮಲ್ಲಿ ವರ್ಷಪೂರ್ತಿ ನಡೆಯುವುದಿಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಹೊತ್ತಿಗೆ ಇಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಬರುತ್ತಲ್ಲ, ಅದೇ. ಅಲ್ಲಿಂದ ಆಗಸ್ಟ್ 18ರ ತನಕ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಬೆಳಿಗ್ಗೆ, ಸಂಜೆ ಓರೆ ಬಿಸಿಲು ಉತ್ತರದ ಕಿಟಕಿಯಿಂದ ಒಳಗೆ ಬರುತ್ತದೆ. ಅಂದರೆ ಮಾವು, ಹಲಸಿನ ಫೋಟೊ ಬೇಕಾಗುವ ಕಾಲದಲ್ಲೇ! ಆಗ ಕಿಟಕಿಗೆ ಒಂದು ಬಿಳಿ ಪಂಚೆ ಕಟ್ಟಿ. ಬಿಸಿಲು ಪಂಚೆಯಲ್ಲಿ ಸೋಸಿಕೊಂಡು ಮೆತ್ತಗೆ ಬೀಳುತ್ತದೆ. ಮಳೆಗಾಲದ ಮೋಡ ಇದ್ದರೆ ಪಂಚೆಯೂ ಬೇಡ, ಜಗುಲಿಯಲ್ಲೇ ತೆಗೆಯಬಹುದು.

ಇನ್ನು ಸಿಪ್ಪೆಯ ವಿಷಯ. ನನಗೆ ತುಂಬಾ ಇಷ್ಟವಾದ ಭಾಗ ಇದು.

ಬದನೆಕಾಯಿ, ದಪ್ಪ ಮೆಣಸಿನಕಾಯಿಯ ಸಿಪ್ಪೆ ಕನ್ನಡಿ ಇದ್ದ ಹಾಗೆ. ಸುತ್ತ ಏನಿದೆಯೋ ಅದೇ ಅದರಲ್ಲಿ ಕಾಣುತ್ತದೆ. ಬಲ್ಬ್ ಇದ್ದರೆ ಚುಚ್ಚುವಂಥ ಒಂದು ಬಿಳಿ ಚುಕ್ಕೆ. ಪಂಚೆ ಕಟ್ಟಿದ ಕಿಟಕಿ ಹತ್ತಿರ ಇದ್ದರೆ ಉದ್ದಕ್ಕೂ ಹರಿಯುವ ಅಗಲವಾದ ಹೊಳಪು. ಅಮೆರಿಕದ ಫೋಟೊಗ್ರಾಫರ್ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದಪ್ಪ ಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಟ್ಟು ಕಪ್ಪು ಬಿಳುಪು ಫೋಟೊ ತೆಗೆದರು. ಆಲಿಕೆಯ ಒಳಮೈ ಬೆಳಕನ್ನು ಎಲ್ಲ ಕಡೆಯಿಂದ ಕಾಯಿಯ ಮೇಲೆ ಹಾಯಿಸಿತು. ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ನೋಡಿ. ಮುದುಡಿ ಕೂತ ಮನುಷ್ಯರ ಬೆನ್ನಿನ ಹಾಗಿದೆ ಆ ಮೆಣಸಿನಕಾಯಿ. ಅದನ್ನು ನೋಡಿ ನಾನು ಹಳೆಯ ಅಲ್ಯುಮಿನಿಯಂ ಪಾತ್ರೆಯನ್ನು ಅಡ್ಡ ಮಲಗಿಸಿ, ಬಾಯನ್ನು ಕಿಟಕಿಯ ಕಡೆ ಓರೆ ಮಾಡಿ, ಒಳಗೆ ಬದನೆಕಾಯಿ ಇಟ್ಟೆ. ಕಪ್ಪಾಗಿ ಕಳೆದುಹೋಗುತ್ತಿದ್ದ ಅಂಚುಗಳೆಲ್ಲ ನೇರಳೆಯಾಗಿ ಎದ್ದು ಬಂದವು. ಈಗಲೂ ಅದೇ ಪಾತ್ರೆ ಬಳಸುತ್ತೇನೆ.

ಬೆಂಗಳೂರು ನೀಲಿ ದ್ರಾಕ್ಷಿ, ಬೂದುಗುಂಬಳದ್ದು ಇದಕ್ಕೆ ಉಲ್ಟಾ. ಮೇಲಿರುವ ಬಿಳಿ ಪುಡಿ ಹಣ್ಣೇ ಮಾಡಿಕೊಂಡ ಮೇಣ. ಒರೆಸಬೇಡಿ, ತೊಳೆಯಲೂ ಬೇಡಿ. ಬೆರಳು ತಗುಲಿದ ಜಾಗ ಕಪ್ಪು ಮಚ್ಚೆಯಾಗಿ ಫೋಟೊದಲ್ಲಿ ಕಾಣುತ್ತದೆ. ಗೊಂಚಲನ್ನು ತೊಟ್ಟು ಹಿಡಿದೇ ಎತ್ತಿ ಇಡಿ. ಗಿರಾಕಿಗಳು ಅದನ್ನು ಔಷಧಿ ಅಂದುಕೊಳ್ಳಬಹುದು ಅನ್ನಿಸಿದರೆ ಫೋಟೊ ಕೆಳಗೆ ಒಂದು ಸಾಲು ಬರೆದುಬಿಡಿ.

ಕೆಂಪಿನ ಪಾಠ ನನಗೆ ಕಲಿಸಿದ್ದು ಬ್ಯಾಡಗಿ ಮೆಣಸಿನಕಾಯಿ. ಅದರ ಅಂದ ಇರುವುದೇ ಸುಕ್ಕಿನಲ್ಲಿ. ಮೊದಲ ಸಲ ಫ್ಲ್ಯಾಶ್ ಹಾಕಿ ತೆಗೆದಾಗ ಸುಕ್ಕೂ ಇಲ್ಲ, ಕಾಯಿಯೂ ಇಲ್ಲ, ಬರೀ ಕೆಂಪು ಚಾಪೆ. ಕೆಂಪು ಗಾಢವಾಗಿದ್ದಷ್ಟೂ ಕ್ಯಾಮೆರಾದಲ್ಲಿ ಆ ಒಂದು ಬಣ್ಣ ಬೇಗ ತುಂಬಿಹೋಗುತ್ತದೆ. ಕೊಡ ತುಂಬಿ ಚೆಲ್ಲಿದ ಮೇಲೆ ಎಷ್ಟು ಸುರಿದೆವು ಅಂತ ಕೊಡ ನೋಡಿ ಹೇಳೋಕೆ ಆಗುತ್ತಾ? ಹಾಗೆ ತಿಳಿಗೆಂಪು, ಕಡುಗೆಂಪು ಎರಡೂ ಒಂದೇ ಆಗಿಬಿಡುತ್ತವೆ. ಅದಕ್ಕೆ ಬೆಳಕು ಕಮ್ಮಿ ಮಾಡಿ. ಪರದೆಯ ಮೇಲೆ ಕಾಯಿ ಇರುವ ಕಡೆ ಬೆರಳು ಒತ್ತಿ ಹಿಡಿಯಿರಿ. ಫೋಕಸ್ ನಿಲ್ಲುತ್ತದೆ, ಹೆಚ್ಚಿನ ಮೊಬೈಲುಗಳಲ್ಲಿ ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದೆ. ಅದನ್ನು ಸ್ವಲ್ಪ ಕೆಳಗೆ ಎಳೆಯಿರಿ. ಫೋಟೊ ತುಸು ಕಪ್ಪಾಯಿತು ಅನ್ನಿಸುವ ಹೊತ್ತಿಗೆ ಸುಕ್ಕುಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಟೊಮೆಟೊ, ದಾಳಿಂಬೆಗೂ ಇದೇ ಉಪಾಯ.

ಮೊಬೈಲನ್ನು ತೀರಾ ಹತ್ತಿರ ಒಯ್ಯಬೇಡಿ. ಹತ್ತಿರದ ತುದಿ ಊದಿಕೊಂಡು ಸೌತೆಕಾಯಿ ಗದೆಯ ಹಾಗಾಗುತ್ತದೆ. ಎರಡು ಅಡಿ ಹಿಂದೆ ನಿಂತು 2ಎಕ್ಸ್, ಅಂದರೆ ಎರಡು ಪಟ್ಟು ಜೂಮ್ ಇಟ್ಟು ತೆಗೆಯಿರಿ.

ಹೆಚ್ಚಿ ತೋರಿಸುವುದಾದರೆ ಎಲ್ಲ ಸಿದ್ಧವಾದ ಮೇಲೆ ಕೊನೆಗೆ ಹೆಚ್ಚಿ. ಅಲ್ಲಿಯವರೆಗೆ ಇನ್ನೊಂದು ಕಾಯಿ ಇಟ್ಟು ಬೆಳಕು ನೋಡಿಕೊಳ್ಳಿ. ಬದನೆಕಾಯಿ, ಸೇಬು ಗಾಳಿ ತಗುಲಿದ ಕೆಲವೇ ನಿಮಿಷಕ್ಕೆ ಕಂದಾಗುತ್ತವೆ. ಸೇಬಿಗೆ ನಿಂಬೆರಸ ಸವರಿ. ಬಾಳೆಹೂವನ್ನು ಪಲ್ಯಕ್ಕೆ ಹಾಕುವ ಹಾಗೆ ಮಜ್ಜಿಗೆ ನೀರಿನಲ್ಲಿಟ್ಟು, ಒರೆಸಿ ಇಡಿ.

ಒಂದು ವಿಷಯದಲ್ಲಿ ಮಾತ್ರ ಕೈ ಮುಗಿದು ಕೇಳುತ್ತೇನೆ. ಬಣ್ಣ ಏರಿಸಬೇಡಿ. ಒಂದು ವರ್ಷ ಬಾದಾಮಿ ಮಾವಿನ ಫೋಟೊಗೆ ನಾನು ಹಳದಿ ಜಾಸ್ತಿ ಮಾಡಿದ್ದೆ. ಚೆನ್ನಾಗಿಯೇ ಕಂಡಿತು, ಆರ್ಡರೂ ಬಂತು. ಹಣ್ಣು ತಲುಪಿದ ದಿನ ಒಬ್ಬ ಅಜ್ಜಿ ಫೋನ್ ಮಾಡಿ, "ಫೋಟೊದಲ್ಲಿ ಹಣ್ಣು ಕಳಿಸಿದ್ರಿ, ಮನೆಗೆ ಕಾಯಿ ಕಳಿಸಿದ್ದೀರಲ್ಲಪ್ಪ" ಅಂದರು. ಮಾವು ಸರಿಯಾಗಿಯೇ ಬಲಿತಿತ್ತು, ನಾಲ್ಕು ದಿನ ಹುಲ್ಲಿನಲ್ಲಿಟ್ಟರೆ ಹಣ್ಣಾಗುತ್ತಿತ್ತು. ಆದರೂ ಮಾತು ಕೇಳಬೇಕಾಗಿ ಬಂದದ್ದು ಆ ಮಾವು ಬೆಳೆದ ರೈತರಿಗೆ. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಈಗ ಫೋಟೊ ತೆಗೆದ ತಕ್ಷಣ ಮೊಬೈಲನ್ನು ಹಣ್ಣಿನ ಪಕ್ಕದಲ್ಲೇ ಹಿಡಿದು, ಪರದೆಯನ್ನೂ ಹಣ್ಣನ್ನೂ ಒಟ್ಟಿಗೆ ನೋಡುತ್ತೇನೆ. ಬೇರೆ ಕಂಡರೆ ಇನ್ನೊಂದು ಸಲ ತೆಗೆಯುತ್ತೇನೆ. ಗಾತ್ರ ಗೊತ್ತಾಗಲಿ ಅಂತ ಒಂದು ಫೋಟೊದಲ್ಲಾದರೂ ಕೈ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಕೈಗೆ ಮಣ್ಣಾಗಿದ್ದರೂ ಪರವಾಗಿಲ್ಲ.

ವಾಟ್ಸಾಪಿನಲ್ಲಿ ಕಳಿಸುವಾಗ ಎಚ್‌ಡಿ ಅನ್ನುವುದನ್ನು ಒತ್ತಿ ಕಳಿಸಿ, ಇಲ್ಲದಿದ್ದರೆ ಇಷ್ಟೆಲ್ಲ ಮಾಡಿ ಹಿಡಿದ ಸುಕ್ಕು, ಗುಳ್ಳೆ ದಾರಿಯಲ್ಲೇ ಅಳಿಸಿಹೋಗುತ್ತವೆ.

ನಾಳೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಒಂದು ಹಾಗಲಕಾಯಿಯ ಎರಡು ಫೋಟೊ ತೆಗೆಯಿರಿ. ಒಂದು ಕಿಟಕಿಗೆ ಬೆನ್ನು ಹಾಕಿ, ಇನ್ನೊಂದು ಕಿಟಕಿ ಪಕ್ಕಕ್ಕೆ ಬರುವ ಹಾಗೆ. ಎರಡನ್ನೂ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.