ಎನ್‌ವಿಡಿಎಗೆ ಅರ್ಥವಾಗದ ಕನ್ನಡ

ಪ್ರಶ್ನೆ: ನಾನು ಕಾಲೇಜಿನಲ್ಲಿ ಇತಿಹಾಸ ಬೋಧಿಸುತ್ತೇನೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚಿಸಿದ ನನ್ನ ವರ್ಡ್ ಟಿಪ್ಪಣಿಗಳನ್ನು ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬರು ಎನ್‌ವಿಡಿಎ ಎಂಬ, ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶದ ಮೂಲಕ ಓದಿಸಿದರೆ ಬರೀ ಇಂಗ್ಲಿಷ್ ಅಕ್ಷರಗಳು ಕೇಳಿಸುತ್ತವಂತೆ. ಪರಿಹಾರವೇನು?
– ಉಪನ್ಯಾಸಕರು, ಹಾಸನ

ಉತ್ತರ: ದೋಷವಿರುವುದು ಎನ್‌ವಿಡಿಎಯಲ್ಲಲ್ಲ, ಫಾಂಟಿನಲ್ಲಿ. ನುಡಿಯ ಹಳೆಯ ಆಸ್ಕಿ (ಇಂಗ್ಲಿಷ್ ಅಕ್ಷರ-ಚಿಹ್ನೆಗಳ ಸಂಕೇತಗಳನ್ನೇ ಬಳಸುವ) ಫಾಂಟುಗಳಲ್ಲಿ ಕನ್ನಡವು ಕಣ್ಣಿಗಷ್ಟೇ ಕಾಣುತ್ತದೆ. ಕಡತದೊಳಗೆ ‘ಕನ್ನಡ’ ಎಂಬ ಪದವು ದೊಡ್ಡ ಪಿ, ಪೌಂಡ್ ಚಿಹ್ನೆ, ಸಣ್ಣ ಕ್ಯೂ ಮುಂತಾದವುಗಳ ಸಾಲಾಗಿ ಉಳಿದಿರುವುದರಿಂದ, ಅಕ್ಷರದ ಆಕಾರವನ್ನು ನೋಡದೆ ಸಂಕೇತವನ್ನಷ್ಟೇ ಓದುವ ತಂತ್ರಾಂಶವು ಅದನ್ನೇ ಉಚ್ಚರಿಸುತ್ತದೆ. ಫಾಂಟಿನ ಹೆಸರು ಬದಲಿಸಿದರೆ ಸಾಲದು; ಪರಿವರ್ತಕದ ಮೂಲಕ ಪಠ್ಯವನ್ನೇ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ಗೆ ತಂದು, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಪರಿಶೀಲಿಸಿ. ಮುಂದೆ ನೇರವಾಗಿ ಯೂನಿಕೋಡ್‌ನಲ್ಲೇ ಬರೆಯುವುದು ಮೇಲು.

ಇನ್ನು ಅಧ್ಯಾಯದ ಹೆಸರನ್ನು ದಪ್ಪಕ್ಷರದಲ್ಲಿ ಬರೆದ ಮಾತ್ರಕ್ಕೆ ಅದು ಶೀರ್ಷಿಕೆಯಾಗುವುದಿಲ್ಲ. ಸ್ಟೈಲ್ಸ್ ಪಟ್ಟಿಯಿಂದ ಹೆಡಿಂಗ್ 1, ಹೆಡಿಂಗ್ 2 ಎಂದು ಗುರುತಿಸಿದ್ದರೆ, ವಿದ್ಯಾರ್ಥಿಯು ಎನ್‌ವಿಡಿಎಯ ಬ್ರೌಸ್ ಮೋಡ್‌ನಲ್ಲಿ ‘ಎಚ್’ ಕೀಲಿಯನ್ನೊತ್ತಿ ಒಂದು ಭಾಗದಿಂದ ಇನ್ನೊಂದಕ್ಕೆ ಜಿಗಿಯಬಲ್ಲರು. ಇಲ್ಲವಾದರೆ ನಲವತ್ತು ಪುಟಗಳನ್ನು ಸಾಲುಸಾಲಾಗಿ ಕೇಳಬೇಕಾದೀತು. ಭೂಪಟಗಳಿಗೆ ಆಲ್ಟ್ ಟೆಕ್ಸ್ಟ್ (ಚಿತ್ರದ ಬದಲು ಓದಿ ಹೇಳಲಾಗುವ ವಿವರಣೆ) ಬರೆಯುವಾಗ ‘ಭೂಪಟ’ ಎಂದಷ್ಟೇ ಹೇಳದೆ, ವಿಜಯನಗರದ ಗಡಿ ಯಾವ ನದಿಯವರೆಗೆ ಹಬ್ಬಿದೆಯೆಂದು ತೋರಿಸಿದ್ದೀರೋ ಅದನ್ನೇ ತಿಳಿಸಿ.