ಕೈತೋಟ, ಓದುಗರ ಪ್ರಶ್ನೆ: ಹಸ್ತ ಮಳೆ ಕಳೆಯುತ್ತಿದ್ದಂತೆ

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವರು ಕೇಳಿರುವುದು ಒಂದೇ ಮಾತು: ‘ಯಾವ ಗೊಬ್ಬರ ಹಾಕಲಿ?’ ಇಲ್ಲಿ ಆರಿಸಿಕೊಂಡ ಐದು ಪ್ರಶ್ನೆಗಳಲ್ಲಿ ಒಂದಕ್ಕೂ ಗೊಬ್ಬರ ಮೊದಲ ಮದ್ದಲ್ಲ. ಬೆಳಕು, ಬೇರಿಗೆ ಸಿಗುವ ಗಾಳಿ, ಕತ್ತರಿ ಆಡಿಸುವ ಹೊತ್ತು, ಇವನ್ನು ನೋಡಿಕೊಂಡ ಮೇಲೆ ಗೊಬ್ಬರದ ಮಾತು.

ಮಹಡಿಯ ಮೇಲೆ ಆರು ಕುಂಡಗಳಲ್ಲಿ ಸೇವಂತಿಗೆ ಇದೆ. ಹೋದ ವರ್ಷ ಒಳಗೋಡೆಯ ಕಡೆಗಿದ್ದ ಎರಡು ಗಿಡ ಮೈತುಂಬ ಹೂ ಬಿಟ್ಟವು. ರಸ್ತೆ ಕಡೆಯ ನಾಲ್ಕರಲ್ಲಿ ಸಂಕ್ರಾಂತಿ ಕಳೆದರೂ ಮೊಗ್ಗೇ ಬರಲಿಲ್ಲ. ಒಂದೇ ಮಣ್ಣು, ಒಂದೇ ಗೊಬ್ಬರ. ಈ ವರ್ಷವೂ ಹಾಗೇ ಆದೀತೆ? (ರಾಜಾಜಿನಗರ, ಬೆಂಗಳೂರು)

ರಸ್ತೆ ಕಡೆ ಬೀದಿದೀಪ ಇದೆಯೇ ನೋಡಿ. ಸೇವಂತಿಗೆ ರಾತ್ರಿಯ ಉದ್ದ ನೋಡಿ ಹೂ ಬಿಡುವ ಗಿಡ. ಸೆಪ್ಟೆಂಬರ್ ಕೊನೆಯ ವಾರದಿಂದ ನಮ್ಮಲ್ಲಿ ರಾತ್ರಿ ಹಗಲಿಗಿಂತ ದೊಡ್ಡದಾಗುತ್ತದೆ. ಆ ಉದ್ದನೆಯ ಕತ್ತಲು ಎಡೆಬಿಡದೆ ಸಿಕ್ಕರೆ ಚಿಗುರಿನ ತುದಿ ಎಲೆ ಹೊರಡಿಸುವುದನ್ನು ನಿಲ್ಲಿಸಿ ಮೊಗ್ಗಿಗೆ ತಿರುಗುತ್ತದೆ. ಮೇಲೆ ದೀಪ ಉರಿಯುತ್ತಿದ್ದರೆ ಗಿಡದ ಪಾಲಿಗೆ ಇನ್ನೂ ಬೇಸಿಗೆಯ ಉದ್ದನೆಯ ಹಗಲೇ. ಎಲೆಯ ಮೇಲೆ ಎಲೆ ಹಾಕುತ್ತಲೇ ಹೋಗುತ್ತದೆ. ವ್ಯಾಪಾರಕ್ಕೆ ಬೆಳೆಯುವವರು ಹೂವನ್ನು ತಡ ಮಾಡಿಸಬೇಕೆಂದೇ ರಾತ್ರಿ ತೋಟದಲ್ಲಿ ಬಲ್ಬು ಉರಿಸುವುದುಂಟು. ನಿಮ್ಮ ನಾಲ್ಕು ಕುಂಡಗಳಿಗೆ ಬೇಡದೆಯೇ ಆ ಉಪಚಾರ ಸಿಕ್ಕಿದೆ.

ರಾತ್ರಿ ಒಂಬತ್ತಕ್ಕೆ ಮಹಡಿಯ ದೀಪ ಆರಿಸಿ, ಗಿಡದ ಪಕ್ಕದಲ್ಲಿ ದಿನಪತ್ರಿಕೆ ಹಿಡಿದು ನಿಲ್ಲಿ. ಅಕ್ಷರ ಓದಲು ಬಂದರೆ ಆ ಜಾಗ ಸೇವಂತಿಗೆಗೆ ಆಗದು. ಕುಂಡಗಳನ್ನು ಈಗಲೇ ಒಳಗೋಡೆಯ ಕಡೆಗೆ ಸರಿಸಿ. ಅಲ್ಲಿ ಜಾಗ ಸಾಲದಿದ್ದರೆ, ಸಂಜೆ ಆರಕ್ಕೆ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಗಿಡದ ಮೇಲೆ ಬೋರಲು ಹಾಕಿ, ಬೆಳಿಗ್ಗೆ ಏಳಕ್ಕೆ ತೆಗೆಯಿರಿ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ತೇವ ಕಟ್ಟಿ ಎಲೆ ಕೊಳೆಯುತ್ತದೆ. ಮೊಗ್ಗು ಬಲಿತು ಬಣ್ಣ ಕಾಣುವ ತನಕ ಒಂದು ರಾತ್ರಿಯೂ ತಪ್ಪಿಸಬೇಡಿ. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಗಿಡದ ಲೆಕ್ಕ ಕೆಡುತ್ತದೆ.

ಇನ್ನೊಂದು ಮಾತು. ಕುಡಿ ಚಿವುಟುವುದನ್ನು ಈಗ ನಿಲ್ಲಿಸಿ. ನೆಟ್ಟು ನಾಲ್ಕು ವಾರಕ್ಕೆ ಒಮ್ಮೆ, ಅದಾಗಿ ಮೂರು ವಾರಕ್ಕೆ ಇನ್ನೊಮ್ಮೆ ಚಿವುಟಿದರೆ ಗಿಡ ಕವಲೊಡೆದು ಪೊದೆಯಾಗುತ್ತದೆ. ಈಗ ಚಿವುಟಿದರೆ ಹೋಗುವುದು ಮೊಗ್ಗು.

ಮಳೆ ನಿಂತ ಮೇಲೆ ಗುಲಾಬಿಯ ರೆಂಬೆಗಳು ತುದಿಯಿಂದ ಕಪ್ಪಾಗಿ ಕೆಳಗೆ ಒಣಗುತ್ತ ಬರುತ್ತಿವೆ. ಬುಡದಿಂದ ಮಾತ್ರ ಒಂದು ಉದ್ದನೆಯ ಹಸಿರು ಬಳ್ಳಿ ಎದ್ದಿದೆ, ಹೂವಿಲ್ಲ. ಕತ್ತರಿಸಲು ಇದು ಸರಿಯಾದ ಕಾಲವೇ? (ಕುವೆಂಪುನಗರ, ಮೈಸೂರು)

ಹೌದು. ಬೆಂಗಳೂರು, ಮೈಸೂರಿನ ಹವೆಗೆ ಅಕ್ಟೋಬರ್ ಎರಡು-ಮೂರನೆಯ ವಾರವೇ ಗುಲಾಬಿ ಸವರುವ ಹೊತ್ತು. ಮಳೆ ಹನಿಯುವ ದಿನ ಕತ್ತರಿ ಹಿಡಿಯಬೇಡಿ. ಎರಡು-ಮೂರು ದಿನ ಬಿಸಿಲು ಕಂಡ ಮೇಲೆ ಶುರು ಮಾಡಿ. ಸವರಿದ ಆರೇಳು ವಾರಕ್ಕೆ ಹೂ ಬರುತ್ತದೆ.

ಮೊದಲು ಆ ಉದ್ದನೆಯ ಬಳ್ಳಿ. ಒಂದು ತೊಟ್ಟಿನಲ್ಲಿರುವ ಎಲೆ ಎಣಿಸಿ ‘ಏಳಿದ್ದರೆ ಕಾಡು, ಐದಿದ್ದರೆ ನಾಡು’ ಎನ್ನುವ ಲೆಕ್ಕವನ್ನು ಪೂರ್ತಿ ನಂಬಬೇಡಿ. ಒಳ್ಳೆಯ ಜಾತಿಗಳಲ್ಲೂ ಏಳೆಲೆ ಇರುವುದುಂಟು. ಬುಡದ ಮಣ್ಣು ಬಿಡಿಸಿ ಅದು ಎಲ್ಲಿಂದ ಹೊರಟಿದೆ ನೋಡಿ. ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಬಂದಿದ್ದರೆ ಅದು ಬೇರುಗಿಡದ ಚಿಗುರು, ಮೇಲಿನ ಗಿಡಕ್ಕೆ ಹೋಗಬೇಕಾದ ಆಹಾರವನ್ನೆಲ್ಲ ಹೀರುತ್ತದೆ. ಮಣ್ಣಿನ ಮಟ್ಟಕ್ಕೆ ಕತ್ತರಿಸಿದರೆ ಮತ್ತೆ ನಾಲ್ಕು ಚಿಗುರುತ್ತವೆ. ಹುಟ್ಟಿದ ಜಾಗದಿಂದಲೇ ಕೆಳಮುಖವಾಗಿ ಎಳೆದು ಕೀಳಿ.

ಈಗ ಒಣಗಿದ ರೆಂಬೆ. ಕಪ್ಪಾದ ಭಾಗಕ್ಕಿಂತ ಎರಡು ಅಂಗುಲ ಕೆಳಗೆ ಕತ್ತರಿಸಿ, ಕಡಿದ ಮುಖ ನೋಡಿ. ನಡುವಿನ ತಿರುಳು ಬೆಳ್ಳಗಿದ್ದರೆ ಜೀವ ಇದೆ. ಕಂದು ಬಣ್ಣದ ಚುಕ್ಕೆ ಕಂಡರೂ ರೋಗ ಇನ್ನೂ ಕೆಳಗಿದೆ ಎಂದೇ ಅರ್ಥ. ಇನ್ನೊಂದು ಕಣ್ಣಿನಷ್ಟು (ಚಿಗುರು ಮೂಡುವ ಗೆಣ್ಣು) ಕೆಳಗೆ ಹೋಗಿ. ಬಿಳಿ ತಿರುಳು ಸಿಗುವ ತನಕ ಹೀಗೇ. ಬಹಳ ಮಂದಿ ಎಡವುವುದು ಇಲ್ಲೇ. ಗಿಡ ಮೋಟಾಗುತ್ತದೆಂದು ಮರುಗಿ ಕಂದು ತಿರುಳನ್ನು ಉಳಿಸಿಕೊಂಡರೆ ಡಿಸೆಂಬರ್ ಹೊತ್ತಿಗೆ ಆ ರೆಂಬೆ ಬುಡದವರೆಗೂ ಹೋಗಿರುತ್ತದೆ.

ಗಟ್ಟಿಯಾದ ನಾಲ್ಕೈದು ರೆಂಬೆ ಉಳಿಸಿ. ಕುಂಡದ ಗಿಡಕ್ಕೆ ಒಂದಡಿ ಎತ್ತರ ಸಾಕು. ಹೊರಮುಖವಾಗಿರುವ ಕಣ್ಣಿನ ಮೇಲೆ ಕಾಲಂಗುಲ ಬಿಟ್ಟು, ನೀರು ನಿಲ್ಲದಂತೆ ಓರೆಯಾಗಿ ಕತ್ತರಿಸಿ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಕಡಿದ ತುದಿಗಳಿಗೆ ಬೋರ್ಡೋ ಮುಲಾಮು ಹಚ್ಚಬೇಕು. 10 ಗ್ರಾಂ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಮಿ.ಲೀ. ನೀರಿನಲ್ಲಿ, 10 ಗ್ರಾಂ ಸುಣ್ಣವನ್ನು ಇನ್ನೊಂದು 50 ಮಿ.ಲೀ. ನೀರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಲೋಟಗಳಲ್ಲಿ ಕದಡಿ, ಎರಡನ್ನೂ ಒಟ್ಟಿಗೆ ಮೂರನೆಯ ಲೋಟಕ್ಕೆ ಸುರಿಯಿರಿ. ಲೋಹದ ಪಾತ್ರೆ ಬೇಡ. ತೊಳೆದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಕಡಿಮೆಯಾಗಿದೆ, ಇನ್ನಷ್ಟು ಸೇರಿಸಿ. ಅಡಿಕೆಗೆ ಮದ್ದು ಹೊಡೆಯುವವರೂ ಹೀಗೇ ಪರೀಕ್ಷೆ ಮಾಡುತ್ತಾರೆ. ಕಲಸಿದ್ದನ್ನು ಅದೇ ದಿನ ಬಳಸಿ ಮುಗಿಸಿ.

ಉದುರಿದ ಎಲೆಗಳನ್ನು ಆರಿಸಿ ತೆಗೆಯಿರಿ. ಕಪ್ಪು ಚುಕ್ಕೆ ರೋಗ ಕಾದು ಕೂರುವುದು ಅಲ್ಲೇ. ಹೊಸ ಚಿಗುರು ಎರಡಂಗುಲ ಬಂದ ಮೇಲೆ ಒಂದಡಿ ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ, 50 ಗ್ರಾಂ ಬೇವಿನ ಹಿಂಡಿ ಕೊಡಿ. ನವೆಂಬರ್‌ನಲ್ಲಿ ಎಲೆಯ ಮೇಲೆ ಬೂದಿ ಹಾರಿಸಿದಂತೆ ಕಂಡರೆ, ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಬೆಳಗಿನ ತಂಪಿನಲ್ಲಿ ಸಿಂಪಡಿಸಿ.

ದಾಸವಾಳದ ಹೊಸ ಎಲೆಗಳು ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದಿವೆ. ಮೊಟ್ಟೆಯ ಚಿಪ್ಪು, ಒಲೆಯ ಬೂದಿ ಎರಡೂ ಹಾಕಿದೆವು. ಇನ್ನೂ ಹೆಚ್ಚಾಯಿತು. (ಹುಬ್ಬಳ್ಳಿ)

ಹೆಚ್ಚಾಗುವುದು ಸಹಜ. ಹಳೆಯ ಎಲೆ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಹೊಸ ಎಲೆ ಹಳದಿ, ನರ ಹಸಿರು ಎಂದರೆ ಕಬ್ಬಿಣದ ಕೊರತೆ. ನಿಮ್ಮ ಕಡೆಯ ಎರೆಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಸುಣ್ಣದ ಅಂಶ ಅದನ್ನು ಬೇರಿಗೆ ಸಿಗದಂತೆ ಹಿಡಿದಿಟ್ಟಿದೆ. ಚಿಪ್ಪು, ಬೂದಿ ಎರಡೂ ಸುಣ್ಣವನ್ನು ಇನ್ನೂ ಕೂಡಿಸುತ್ತವೆ. ಮಳೆಗಾಲದಲ್ಲಿ ಎರೆಮಣ್ಣು ನೀರು ಹಿಡಿದು ನಿಂತು ಬೇರಿಗೆ ಗಾಳಿಯೂ ಇಲ್ಲವಾಗಿರುತ್ತದೆ.

ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕೇಳಿ. ತಿಳಿಹಸಿರು ಹರಳು, ನೀಲಿ ಇದ್ದರೆ ಅದು ಮೈಲುತುತ್ತ, ತರಬೇಡಿ. ಒಂದು ಲೀಟರ್ ನೀರಿಗೆ ಮೊದಲು 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ, ಆಮೇಲೆ 5 ಗ್ರಾಂ ಅನ್ನಭೇದಿ ಕರಗಿಸಿ. ನೀರು ತಿಳಿಹಸಿರಾಗಿರಬೇಕು, ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿ. ಸಂಜೆ ಎಲೆಯ ಎರಡೂ ಮೈ ನೆನೆಯುವಂತೆ ಹತ್ತು ದಿನಕ್ಕೊಮ್ಮೆ ಮೂರು ಸಲ ಸಿಂಪಡಿಸಿ. ಬುಡಕ್ಕೆ ಹಾಕಿದರೆ ಅದನ್ನೂ ಮಣ್ಣು ಹಿಡಿದುಕೊಳ್ಳುತ್ತದೆ. ಟೈಲ್ಸ್ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ, ಕುಂಡವನ್ನು ಅಂಗಳಕ್ಕೆ ಇಳಿಸಿಕೊಳ್ಳಿ. ನೆಲದ ಗಿಡವಾದರೆ ಬುಡದಿಂದ ನೀರು ಹರಿದುಹೋಗಲು ಒಂದು ಸಣ್ಣ ಕಾಲುವೆ ತೆಗೆಯಿರಿ.

ಡೇರೆ ಹೂ ಮುಗಿಯುತ್ತ ಬಂತು. ಹೋದ ವರ್ಷ ಎತ್ತಿಟ್ಟ ಗೆಡ್ಡೆಯಲ್ಲಿ ಅರ್ಧ ಕೊಳೆಯಿತು, ಗಟ್ಟಿಯಾಗಿದ್ದವೂ ಕೆಲವು ಮೊಳೆಯಲೇ ಇಲ್ಲ. (ಶಿರಸಿ)

ಮೊಳೆಯದ್ದಕ್ಕೆ ಕಾರಣ ಕುತ್ತಿಗೆ. ಡೇರೆಯ ಕಣ್ಣು ಗೆಡ್ಡೆಯ ಮೈಮೇಲೆ ಇರುವುದಿಲ್ಲ; ಆಲೂಗಡ್ಡೆಯಂತಲ್ಲ ಅದು. ಗೆಡ್ಡೆ ಕಾಂಡಕ್ಕೆ ಸೇರುವ ಬುಡದಲ್ಲಿ ಮಾತ್ರ ಇರುತ್ತದೆ. ಅಗೆಯುವಾಗ ಅಲ್ಲಿ ಮುರಿದರೆ ಗೆಡ್ಡೆ ಎಷ್ಟು ದಪ್ಪವಿದ್ದರೂ ಮೊಳಕೆ ಬರದು.

ಗಿಡ ತಾನಾಗಿ ಒಣಗುವ ತನಕ ಅಗೆಯಬೇಡಿ. ಒಣಗಿದ ಮೇಲೆ ಕಾಂಡವನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಬುಡದಿಂದ ಒಂದಡಿ ದೂರದಲ್ಲಿ ಸುತ್ತ ಸಡಿಲಿಸಿ ಇಡೀ ಗೊಂಚಲನ್ನು ಕೈಯಿಂದ ಎತ್ತಿ. ಕಾಂಡ ಪೊಳ್ಳು, ಒಳಗೆ ನೀರು ನಿಂತಿರುತ್ತದೆ. ಕೊಳೆ ಶುರುವಾಗುವುದು ಅಲ್ಲಿಂದಲೇ. ಆದ್ದರಿಂದ ತಲೆಕೆಳಗಾಗಿ ನೆರಳಿನಲ್ಲಿ ನಾಲ್ಕೈದು ದಿನ ಆರಿಸಿ. ಆಮೇಲೆ ಬುಟ್ಟಿಯಲ್ಲಿ ಒಣ ಮರಳು ಅಥವಾ ಮರದ ಹೊಟ್ಟಿನ ನಡುವೆ ಒಂದಕ್ಕೊಂದು ತಾಗದಂತೆ ಇಟ್ಟು, ಗಾಳಿಯಾಡುವ ಕಡೆ ಇರಿಸಿ. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲ ಬೇಡ. ತಿಂಗಳಿಗೊಮ್ಮೆ ಮುಟ್ಟಿ ನೋಡಿ ಮೆತ್ತಗಾದದ್ದನ್ನು ಎಸೆಯಿರಿ. ಬಿಡಿಸುವುದನ್ನು ಮೇ ತಿಂಗಳಿಗೆ ಬಿಡಿ. ಕಣ್ಣು ಉಬ್ಬಿ ಕಂಡಾಗ, ಪ್ರತಿ ಗೆಡ್ಡೆಗೂ ಕಾಂಡದ ಬುಡದ ಒಂದು ತುಣುಕು ಅಂಟಿರುವಂತೆ ಚಾಕುವಿನಿಂದ ಸೀಳಿ. ಆಸರೆಯ ಕೋಲನ್ನು ಗೆಡ್ಡೆ ನೆಡುವ ದಿನವೇ ನೆಡಿ. ಆಮೇಲೆ ಊರಿದರೆ ಗೆಡ್ಡೆಗೆ ಚುಚ್ಚುತ್ತದೆ.

ಕುಂಡದ ತಳಕ್ಕೆ ಮೂರಂಗುಲ ಜಲ್ಲಿ ಹಾಕಿದ್ದೇವೆ. ಆದರೂ ಮಣ್ಣು ಕೆಸರಾಗಿಯೇ ಇರುತ್ತದೆ, ದುಂಡು ಮಲ್ಲಿಗೆಯ ಎಲೆ ಉದುರುತ್ತಿದೆ. ಈಗಲೇ ಗಿಡ ಕತ್ತರಿಸಿ ಮಣ್ಣು ಬದಲಿಸಲೇ? (ದಾವಣಗೆರೆ)

ಮಣ್ಣು ಈಗ ಬದಲಿಸಿ, ಕತ್ತರಿ ಆಮೇಲೆ. ಜಲ್ಲಿಯಿಂದ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ, ಆದರೆ ಆಗುವುದು ಬೇರೆ. ಸಣ್ಣ ಕಣದ ಮಣ್ಣು ಪೂರ್ತಿ ನೆನೆಯುವ ತನಕ ನೀರನ್ನು ಕೆಳಗಿನ ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ತಳದಲ್ಲಿ ನಿಲ್ಲಬೇಕಿದ್ದ ತೇವ ಮೂರಂಗುಲ ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬರುತ್ತದೆ. ನೆನೆದ ಸ್ಪಂಜನ್ನು ಅಡ್ಡ ಹಿಡಿಯಿರಿ, ತೊಟ್ಟಿಕ್ಕುವುದು ನಿಂತ ಮೇಲೆ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಇಳಿಯುತ್ತದೆ. ಕುಂಡದಲ್ಲೂ ಮಣ್ಣಿನ ಆಳ ಹೆಚ್ಚಿದಷ್ಟೂ ಬಸಿಯುವುದು ಚೆನ್ನ. ಜಲ್ಲಿ ತೆಗೆದು, ತೂತಿನ ಮೇಲೆ ಒಂದು ಹೆಂಚಿನ ಚೂರು ಡೊಂಕಾಗಿ ಇಡಿ, ಸಾಕು.

ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸಿ. ಎಂ-ಸ್ಯಾಂಡ್ ಆದರೆ ಜರಡಿ ಹಿಡಿದು ನುಣುಪು ಪುಡಿ ತೆಗೆಯಲೇಬೇಕು, ಅದು ಸಿಮೆಂಟಿನಂತೆ ಕೂರುತ್ತದೆ. ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಏರಿಸಿ, ಅಡಿಯ ತಟ್ಟೆ ತೆಗೆಯಿರಿ.

ದುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ, ನೆಲದಿಂದ ಒಂದೂವರೆ ಅಡಿಗೆ ಸವರಿ. ಹೊಸ ಚಿಗುರಿನಲ್ಲೇ ಅದರ ಹೂ. ಫೆಬ್ರವರಿ-ಮಾರ್ಚ್‌ನಿಂದ ಮೊಗ್ಗು ಶುರುವಾಗುತ್ತದೆ. ಪಕ್ಕದಲ್ಲಿ ಕಾಕಡ ಮಲ್ಲಿಗೆ ಇದ್ದರೆ ಅದನ್ನು ಮುಟ್ಟಬೇಡಿ. ಅದು ಹೂ ಬಿಡುವುದೇ ಬರುವ ಚಳಿಯಲ್ಲಿ.